ಈಗ ಬರ್ತತಿ ನೋಡು

ಹಿಂದಿನ ಸೀಟಿನವನು ಸಿನಿಮಾವನ್ನು ಆಗಲೇ ಒಮ್ಮೆ ನೋಡಿಬಿಟ್ಟಿದ್ದ. ಅದು ಗೊತ್ತಾಗಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಪರದೆಯ ಮೇಲೆ ಹುಡುಗಿಯೊಬ್ಬಳು ಮೇಣದಬತ್ತಿ ಹಿಡಿದು ಅಟ್ಟದ ಮೆಟ್ಟಿಲು ಹತ್ತುತ್ತಿದ್ದಳು. ಅಷ್ಟು ದೊಡ್ಡ ಬಂಗಲೆ ಕಟ್ಟಿಸಿದವರು ಒಂದು ಯುಪಿಎಸ್ ಯಾಕೆ ಹಾಕಿಸಿರುವುದಿಲ್ಲವೋ ನಾ ಕಾಣೆ. ಹಾಲ್‌ನಲ್ಲಿ ಸದ್ದಿಲ್ಲ. ನಾನು ಪಾಪ್‌ಕಾರ್ನ್ ಅಗಿಯುವುದನ್ನೂ ನಿಲ್ಲಿಸಿದ್ದೆ. ಆಗ ನನ್ನ ಬಲಗಿವಿಯ ಹತ್ತಿರ, ಮಿರ್ಚಿಯ ಘಮದ ಜೊತೆಗೆ, ಒಂದು ಪಿಸುಮಾತು ಬಂತು.

"ಈಗ ಬರ್ತತಿ ನೋಡು."

ಬಂತು.

ಅವನು ಹೇಳಿದ್ದು ನನಗಲ್ಲ, ಪಕ್ಕದ ಗೆಳೆಯನಿಗೆ. ಆದರೆ ಎರಡು ಸಾಲು ಆಚೆಗೂ ಕೇಳುವಂಥ ಪಿಸುಮಾತು ಅದು. ಕಪಾಟಿನ ಬಾಗಿಲು ತೆರೆಯುವ ಮುಂಚೆ ಒಂದು ಸಲ. ಬಾವಿಗೆ ಇಣುಕುವ ಮುಂಚೆ ಒಂದು ಸಲ. ಕನ್ನಡಿಯ ಮುಂದೆ ಮುಖ ತೊಳೆಯುವಾಗ ಎರಡು ಸಲ, ಯಾಕೆಂದರೆ ಮೊದಲನೇ ಸಲ ಏನೂ ಬರಲಿಲ್ಲ. "ತಡೀ, ಈಗ ಬರ್ತತಿ." ಇಂಟರ್‌ವಲ್ ಹೊತ್ತಿಗೆ ಏಳಾಯಿತು. ನಾನು ಎಣಿಸಿದ್ದೆ. ಒಮ್ಮೆ ತಿರುಗಿ ಗುರಾಯಿಸಿದೆ. ಕತ್ತಲಲ್ಲಿ ಗುರಾಯಿಸಿದರೆ ಯಾರಿಗೆ ಕಾಣುತ್ತದೆ? ಅವನು "ಮಂಡಕ್ಕಿ ಬೇಕೇನ್ರಿ?" ಅಂದ.

ಹೊರಗಿನ ತಿಂಡಿ ತರಬಾರದು ಎಂದು ಬಾಗಿಲಲ್ಲೇ ಬೋರ್ಡಿತ್ತು. ನನ್ನ ನೀರಿನ ಬಾಟಲಿಯನ್ನು ಬ್ಯಾಗಿನಿಂದ ತೆಗೆಸಿ ಹೊರಗಿಡಿಸಿದ್ದರು. ಅವನು ಒಂದು ಪೊಟ್ಟಣ ಮಂಡಕ್ಕಿ, ನಾಲ್ಕು ಮಿರ್ಚಿ ಒಳಗೆ ಹೇಗೆ ತಂದ ಅನ್ನುವುದು ಆ ಸಿನಿಮಾದ ಕಥೆಗಿಂತ ದೊಡ್ಡ ರಹಸ್ಯ. ದಾವಣಗೆರೆಯಲ್ಲಿ ಬೇರೆ ಏನನ್ನು ಬೇಕಾದರೂ ತಡೆಯಬಹುದು, ಮಂಡಕ್ಕಿಯನ್ನು ತಡೆಯಲು ಆಗುವುದಿಲ್ಲ.

ನನ್ನನ್ನು ಕರೆದುಕೊಂಡು ಹೋದವನು ತಂಗಿಯ ಮಗ. ಎಂಜಿನಿಯರಿಂಗ್ ಮೂರನೇ ವರ್ಷ. "ಮಾವ, ಈ ಸಿನಿಮಾ ಮನೇಲಿ ನೋಡೋದಲ್ಲ, ಜನರ ಜೊತೆ ನೋಡಬೇಕು" ಅಂದಿದ್ದ. ನೋಡಿದೆ. ಮುಂದಿನ ಸಾಲಿನಲ್ಲಿ ಏಳೆಂಟು ಹುಡುಗರಿದ್ದರು. ದೆವ್ವ ಕೂದಲು ಬಿಟ್ಟುಕೊಂಡು ಬಂದ ಕೂಡಲೇ ಒಬ್ಬ ಕೂಗಿದ, "ಅಕ್ಕಾ, ಜಡಿ ಹಾಕ್ಕಳೇ!" ಹಾಲ್ ಇಡೀ ನಕ್ಕಿತು. ನಡುವೆ ಒಬ್ಬಳು ಹುಡುಗಿ ಪಾಪ, ನಿಜವಾಗಿ ಹೆದರಿ ಕಿರುಚಿದಳು. ಎಲ್ಲರೂ ತಿರುಗಿ ಅವಳನ್ನು ನೋಡಿ ನಕ್ಕರು. ಆಮೇಲೆ ಅವಳೂ ನಕ್ಕಳು. ಇದು ನನಗೆ ಸರಿಬರಲಿಲ್ಲ. ಇನ್ನೂರು ರೂಪಾಯಿ ಕೊಟ್ಟು ಹೆದರಲು ಬಂದು, ಹೆದರಿದ್ದಕ್ಕೆ ನಾಚಿಕೊಳ್ಳಬೇಕೇ? ಹೋಟೆಲಿಗೆ ಹೋಗಿ ಹಸಿವಾಗಿದ್ದಕ್ಕೆ ಕ್ಷಮೆ ಕೇಳಿದ ಹಾಗಾಯಿತು.

ತಮಾಷೆ ಆಮೇಲಿನದು. ಹೊರಗೆ ಬಂದರೆ ಮೈಕ್ ಹಿಡಿದ ಹುಡುಗರು ನಿಂತಿದ್ದರು. "ಸರ್ ಸರ್, ಹೆಂಗೈತ್ರಿ ಸಿನಿಮಾ?" ಜಡೆ ಹಾಕಲು ಹೇಳಿದ್ದ ಹುಡುಗನೇ ಮುಂದೆ ಬಂದು ಎದೆಯ ಮೇಲೆ ಕೈಯಿಟ್ಟ. "ಗುರೂ, ನಡುಗಿ ಹೋದ್ವಿ. ಒಬ್ರೇ ಬರಬ್ಯಾಡ್ರಿ." ಮೈಕು ನನ್ನ ಕಡೆಗೂ ಬಂತು. "ಸೌಂಡ್ ಸ್ವಲ್ಪ ಜಾಸ್ತಿ ಆಯ್ತು" ಅಂದೆ. ಮರುದಿನ ಅಳಿಯ ಆ ವಿಡಿಯೊ ತೋರಿಸಿದ. ಅದರಲ್ಲಿ ನಾನಿಲ್ಲ. ನನ್ನ ಮೊಣಕೈ ಇದೆ.

ಇದು ಹೊಸ ಚಾಳಿಯೇನಲ್ಲ. ಅಮೆರಿಕದಲ್ಲಿ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ಎಂಬ ಸಿನಿಮಾವನ್ನು ಸುಮಾರು 15,000 ಡಾಲರಿನಲ್ಲಿ ಒಂದು ಮನೆಯೊಳಗೇ ತೆಗೆದು ಮುಗಿಸಿದ್ದರು. 2009ರಲ್ಲಿ ಅದು ಊರೂರಿಗೆ ಬಂದಾಗ ಜಾಹೀರಾತಿನಲ್ಲಿ ಸಿನಿಮಾಕ್ಕಿಂತ ಜನರನ್ನೇ ಜಾಸ್ತಿ ತೋರಿಸಿದರು. ಕತ್ತಲಲ್ಲಿ ಕೂತವರು ಬೆಚ್ಚುವುದು, ಕಿರುಚುವುದು, ಪಕ್ಕದವರ ತೋಳಿಗೆ ಮುಖ ಮುಚ್ಚಿಕೊಳ್ಳುವುದು. ದೋಸೆ ತೋರಿಸದೆ ತೇಗು ತೋರಿಸಿ ಗಿರಾಕಿ ಕರೆದ ಹಾಗೆ. ಗಿರಾಕಿ ಬಂದರು ಅನ್ನುವುದು ಬೇರೆ ಮಾತು.

ಜನ ಹೆದರುವುದನ್ನು ನೋಡುವ ವಿಚಾರ ಬಂದರೆ ನನಗೆ ನನ್ನ ಸೋದರಮಾವ ನೆನಪಾಗುತ್ತಾನೆ. ಅವನು ದಾವಣಗೆರೆಯ ಒಂದು ಟಾಕೀಸಿನಲ್ಲಿ ಗೇಟ್‌ಕೀಪರ್ ಆಗಿದ್ದ. ಹೆಸರು ಬೇಡ, ಈಗ ಅಲ್ಲಿ ಟಾಕೀಸೇ ಇಲ್ಲ. ಹತ್ತಿ ಮಿಲ್ಲುಗಳು ನಡೆಯುತ್ತಿದ್ದ ಕಾಲ. ಹೆಂಗಸರು ಗಡಿಯಾರ ನೋಡದೆ ಮಿಲ್ ಸೈರನ್ ಕೇಳಿ ಅನ್ನಕ್ಕಿಡುತ್ತಿದ್ದರು. ಮಾವನ ಆಸ್ತಿ ಎಂದರೆ ಮೂರು ಸೆಲ್ಲಿನ ಒಂದು ಟಾರ್ಚು. ಮದುವೆ ಮನೆಗೂ ಅದನ್ನು ಹಿಡಿದೇ ಬರುತ್ತಿದ್ದ. ಊಟಕ್ಕೆ ಕೂತವರ ಎಲೆಗೆ ಬೆಳಕು ಬಿಟ್ಟು "ಇಲ್ಲಿ ಸಾರು" ಅನ್ನುತ್ತಿದ್ದ.

ಒಮ್ಮೆ ದೆವ್ವದ ಸಿನಿಮಾವೊಂದು ಬಂತು. ಆರು ವಾರ ಓಡಿತು. ದಿನಕ್ಕೆ ನಾಲ್ಕು ಆಟ. ಅಷ್ಟೂ ಆಟಕ್ಕೆ ಮಾವ ಒಳಗೇ ಇದ್ದ, ಆದರೆ ಸಿನಿಮಾ ನೋಡಿದ್ದು ಎರಡೇ ದಿನ. ಆಮೇಲೆ ಪರದೆಗೆ ಬೆನ್ನು ಹಾಕಿ ಜನರನ್ನು ನೋಡತೊಡಗಿದ. ಪರದೆಯ ಬೆಳಕು ಮುಖಗಳ ಮೇಲೆ ಬೀಳುತ್ತದಲ್ಲ, ಅದರಲ್ಲಿ ಎಲ್ಲ ಕಾಣುತ್ತಿತ್ತಂತೆ. ಯಾರು ಸೆರಗು ಬಾಯಿಗೆ ತುರುಕಿಕೊಂಡರು, ಯಾರು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದರು, ಯಾರು ಹೆಂಡತಿಯ ಕೈ ಹಿಡಿದರು. ಮೀಸೆ ದಪ್ಪ ಇದ್ದವರೇ ಮೊದಲು ಬಗ್ಗುತ್ತಿದ್ದರು ಅನ್ನುವುದು ಮಾವನ ಖಚಿತ ಅಭಿಪ್ರಾಯ. ಇಂಟರ್‌ವಲ್‌ಗೆ ಸ್ವಲ್ಪ ಮುಂಚೆ ಬಿಳಿ ಸೀರೆಯವಳು ಕಿಟಕಿಯಾಚೆ ಬಂದು ನಿಲ್ಲುವ ಜಾಗ ಒಂದಿತ್ತು. ಅಲ್ಲಿ ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ಎಲ್ಲರೂ ಒಂದೇ ಸಲಕ್ಕೆ ಕಿರುಚುತ್ತಿದ್ದರು. ಅದನ್ನು ಕೇಳಿ ಹೊರಗೆ ಕ್ಯಾಂಟೀನಿನವನು ಚಹಾಕ್ಕೆ ನೀರಿಡುತ್ತಿದ್ದ. ಕಿರುಚಾಟ ಕೇಳಿ ಇಟ್ಟರೆ ಇಂಟರ್‌ವಲ್‌ಗೆ ಸರಿಯಾಗಿ ಕುದಿಯುತ್ತಿತ್ತಂತೆ. ಊರಿಗೆ ಮಿಲ್ಲಿನ ಸೈರನ್, ಕ್ಯಾಂಟೀನಿಗೆ ಇದು.

ಐದನೇ ವಾರ. ಮ್ಯಾಟ್ನಿ. ಕೆಳಗೆ ಇಪ್ಪತ್ತು ಮೂವತ್ತು ಜನ. ಬಾಲ್ಕನಿಯಲ್ಲಿ ಒಬ್ಬನೇ. ಕಿಟಕಿಯ ಜಾಗ ಬಂತು, ಕೆಳಗಿನವರು ಕಿರುಚಿದರು. ಬಾಲ್ಕನಿಯವನು ಅಲುಗಾಡಲಿಲ್ಲ. ಮರುದಿನ ಅದೇ ಆಟ, ಅದೇ ಸೀಟು, ಅದೇ ಮನುಷ್ಯ. ಅಲುಗಾಡಲಿಲ್ಲ. ಅಲ್ಲಿಗೆ ಮಾವನಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. "ದೆವ್ವ ಕಂಡ್ರೂ ಹೆದರದೇ ಇರೋದು ಯಾವುದು ಹೇಳ್ರಲೇ?" ಎಂದು ಕಥೆ ನಿಲ್ಲಿಸಿ ನಮ್ಮನ್ನು ಕೇಳುತ್ತಿದ್ದ. ಉತ್ತರ ಗೊತ್ತಿದ್ದರೂ ನಾವು ಯಾರೂ ಬಾಯಿ ಬಿಡುತ್ತಿರಲಿಲ್ಲ.

ಮೂರನೇ ದಿನ ಮಾವ ಆಂಜನೇಯನನ್ನು ನೆನೆದು ಬಾಲ್ಕನಿ ಹತ್ತಿದ. ಮೊದಲು ಪಾದ ನೋಡೋಣ, ಹಿಂದುಮುಂದಾಗಿದೆಯೋ ಏನೋ, ಎಂದು ಸೀಟಿನ ಕೆಳಗೆ ಟಾರ್ಚು ಬಿಟ್ಟ. ಪಾದಗಳೇ ಇಲ್ಲ. ಬರೀ ಚಪ್ಪಲಿ. ಬೆಳಕನ್ನು ನಿಧಾನಕ್ಕೆ ಮೇಲಕ್ಕೆತ್ತಿದ. ಮಂಡಿ. ಕೈ. ಕುತ್ತಿಗೆ. ಮುಖ. ಹುಬ್ಬು, ಕಣ್ಣಿನ ರೆಪ್ಪೆ, ಕಿವಿಯ ಕೂದಲು, ಎಲ್ಲ ಬೆಳ್ಳಗೆ. ವಯಸ್ಸು ನೋಡಿದರೆ ಮೂವತ್ತು ದಾಟಿಲ್ಲ. ಅವನು ತಿರುಗಿ ಮಾವನನ್ನು ನೋಡಿದ.

ಇಲ್ಲಿಗೆ ಬಂದ ಕೂಡಲೇ ಮಾವ "ಅಕ್ಕಾ, ಚಾ ಆಯ್ತೇನು?" ಎಂದು ಎದ್ದುಬಿಡುತ್ತಿದ್ದ. ಎಷ್ಟೋ ವರ್ಷ ಆ ಕಥೆಗೆ ಅದೇ ಕೊನೆ. ಬೆಳ್ಳಗಿನ ರೆಪ್ಪೆ ನೆನೆಸಿಕೊಂಡು ನಾನು ರಾತ್ರಿ ಒಬ್ಬನೇ ಬಚ್ಚಲಿಗೆ ಹೋಗುತ್ತಿರಲಿಲ್ಲ.

ಉಳಿದದ್ದನ್ನು ಅವನು ಹೇಳಿದ್ದು ನನ್ನ ಮದುವೆಯಾದ ಮೇಲೆ, ಅದೂ ಬೇರೇನೋ ಮಾತಿನ ನಡುವೆ. ಆ ಮನುಷ್ಯ ಮಿಲ್ಲಿನವನು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋದರೆ ಒಂದೇ ಕೋಣೆಯಲ್ಲಿ ಎಂಟು ಜನ. ಫ್ಯಾನಿನ ಕೆಳಗೆ ಕಾಲು ಮಡಚಿ ಕೂರಲು ಬಾಲ್ಕನಿಗೆ ಬರುತ್ತಿದ್ದ. ಹುಬ್ಬಿನ ಮೇಲಿದ್ದದ್ದು ಹತ್ತಿಯ ದೂಳು. ಮಗ್ಗಗಳ ಶೆಡ್ಡಿನಲ್ಲಿ ಲಾಳಿಗಳ ಹೊಡೆತ ಕೇಳಿ ಕೇಳಿ ಕಿವಿ ಹೋಗಿತ್ತು. ಅಲ್ಲಿ ಮಾತೆಲ್ಲ ಕೈಸನ್ನೆಯಲ್ಲೇ. ಮಾವ ಕೈಸನ್ನೆಯಲ್ಲಿ "ಹೆದರಿಕೆ ಆಗಲ್ವಾ?" ಎಂದು ಕೇಳಿದನಂತೆ. ಅವನು ದೊಡ್ಡ ದನಿಯಲ್ಲಿ ಹೇಳಿದ: "ಕತಿ ಚಲೋ ಐತ್ರಿ. ಆದ್ರ ಆ ಹೆಣ್ಮಗಳು ಕಿಟಕಿ ಹತ್ರ ಬಂದಾಗ ಮಂದಿ ಯಾಕ್ ಹಂಗ್ ಬೆಚ್ಚಿ ಬೀಳ್ತಾರ? ಪಾಪ, ನೀರು ಕೇಳಾಕ ಬಂದಿರ್ಬೇಕು."

ರಾಮ್ ಗೋಪಾಲ್ ವರ್ಮಾ 2008ರಲ್ಲಿ ತಮ್ಮ 'ಫೂಂಕ್' ಸಿನಿಮಾವನ್ನು ಥಿಯೇಟರಿನಲ್ಲಿ ಒಬ್ಬರೇ ಕೂತು ನೋಡಿದವರಿಗೆ 5 ಲಕ್ಷ ರೂಪಾಯಿ ಎಂದು ಸಾರಿದ್ದರು. ನಮ್ಮ ಮಿಲ್ಲಿನವನು ಹೋಗಿದ್ದರೆ ದುಡ್ಡು ಎಣಿಸಿಕೊಂಡು, ಒಂದು ನಿದ್ದೆಯನ್ನೂ ಮುಗಿಸಿಕೊಂಡು ಬರುತ್ತಿದ್ದ.

ಹಾಗಾದರೆ ಹೆದರಿಕೆ ಇರುವುದು ಕಣ್ಣಿನಲ್ಲಲ್ಲ, ಕಿವಿಯಲ್ಲಿ. ಮೊನ್ನೆ ಸಿನಿಮಾದಿಂದ ಬಂದ ರಾತ್ರಿ ನನಗೆ ಇದು ಹೊಳೆದು ಬಹಳ ಖುಷಿಯಾಯಿತು. ದೊಡ್ಡವರೂ ಸಾಕ್ಷಿಗೆ ಸಿಕ್ಕರು. 1960ರ 'ಸೈಕೊ'ದಲ್ಲಿ ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂದಿದ್ದರು ನಿರ್ದೇಶಕ ಹಿಚ್‌ಕಾಕ್. ಸಂಗೀತ ಮಾಡುತ್ತಿದ್ದ ಬರ್ನಾರ್ಡ್ ಹರ್ಮನ್ ಮಾತು ಕೇಳದೆ ಪಿಟೀಲುಗಳಿಂದ ಕಿರುಚಿಸಿದರು. ಕೇಳಿಸಿಕೊಂಡ ಮೇಲೆ ಹಿಚ್‌ಕಾಕ್ ತೆಪ್ಪಗೆ ಒಪ್ಪಿಕೊಂಡರು. ರಕ್ತ ಅಂತ ಹರಿದದ್ದು ಚಾಕೊಲೇಟ್ ಪಾನಕ. ಪಿಟೀಲು ತೆಗೆದರೆ ಉಳಿಯುವುದು ಅದೇ. ಅದಕ್ಕೂ ಮುಂಚೆ, 1942ರ 'ಕ್ಯಾಟ್ ಪೀಪಲ್'ನಲ್ಲಿ, ಒಬ್ಬ ಹೆಂಗಸು ರಾತ್ರಿ ಒಬ್ಬಳೇ ನಡೆಯುತ್ತಾಳೆ. ಹಿಂದೆ ಏನೋ ಬರುತ್ತಿದೆ. ಹೆಜ್ಜೆ ಸಪ್ಪಳ ಬಿಟ್ಟರೆ ಏನಿಲ್ಲ. ಆಮೇಲೆ ಅದೂ ಇಲ್ಲ. ಇದ್ದಕ್ಕಿದ್ದಂತೆ ಬುಸ್ ಅನ್ನುತ್ತದೆ. ಚಿರತೆಯಲ್ಲ, ಬಸ್ಸು ಬಂದು ನಿಂತದ್ದು. ಸಿನಿಮಾ ಮಂದಿ ಇಂಥ ಹುಸಿ ಬೆಚ್ಚಿಸುವಿಕೆಗೆ ಇವತ್ತಿಗೂ 'ಬಸ್' ಅಂತಲೇ ಕರೆಯುತ್ತಾರೆ. ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಹನ್ನೊಂದಕ್ಕೆ ತೂಕಡಿಸುತ್ತಾ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆನ್ನ ಹಿಂದೆ ಸರ್ಕಾರಿ ಬಸ್ಸು ಗಾಳಿ ಬಿಟ್ಟಾಗ ಹಾರಿಬೀಳುವ ಜೀವ ಯಾವ ಅಟ್ಟದ ದೆವ್ವಕ್ಕೂ ಹಾರಿಬೀಳುವುದಿಲ್ಲ.

ಪರೀಕ್ಷೆ ಮಾಡಿಯೇ ಬಿಡೋಣ ಎಂದು ಭಾನುವಾರ ಮಧ್ಯಾಹ್ನ 'ನಾ ನಿನ್ನ ಬಿಡಲಾರೆ' ಹಾಕಿದೆ. 1979ರದು. ಅನಂತನಾಗ್ ಮೈಮೇಲೆ ಬರುವ ಆ ದೆವ್ವ ನನ್ನ ಅಮ್ಮನ ಕಾಲದವರಿಗೆಲ್ಲ ಚೆನ್ನಾಗಿ ಪರಿಚಯ. ಅಮ್ಮ ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲೇ ಕೂತಿದ್ದಳು. ನಾನು ಸೌಂಡ್ ಪೂರಾ ತೆಗೆದೆ. ಮೊದಮೊದಲು ನನ್ನ ಲೆಕ್ಕ ಸರಿಯಿತ್ತು. ದೊಡ್ಡ ದೊಡ್ಡ ಕಣ್ಣು ಬಿಟ್ಟುಕೊಂಡು ಯಾರೋ ಏನೋ ಹುಡುಕುತ್ತಿದ್ದಾರೆ ಅನ್ನಿಸಿತು, ಅಷ್ಟೆ. ಗೆದ್ದೆ ಎಂದು ಪಕ್ಕಕ್ಕೆ ತಿರುಗಿದರೆ ಅಮ್ಮ ಅವರೆಕಾಯಿ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಿದ್ದಾಳೆ!

"ಅಮ್ಮಾ, ಸೌಂಡೇ ಇಲ್ವಲ್ಲ."

"ನಿನಗಿಲ್ಲ. ನನಗೆ ಕೇಳ್ತಾ ಐತಿ. ಮೊದ್ಲು ಅದನ್ನ ಆರಿಸು."

ಅಲ್ಲಿಗೆ ನನ್ನ ಸಿದ್ಧಾಂತಕ್ಕೆ ತೂತು ಬಿತ್ತು. ಹೋಗಲಿ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ಅದೇ ಹಿಚ್‌ಕಾಕ್ ಹೇಳಿದ ಮಾತಿದೆ. ಮೇಜಿನ ಕೆಳಗೆ ಬಾಂಬಿದೆ. ನೋಡುವವರಿಗೆ ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡು ಬೆಚ್ಚುತ್ತಾರೆ. ಬಾಂಬಿದೆ ಎಂದು ಮೊದಲೇ ತಿಳಿಸಿದರೆ ಹದಿನೈದು ನಿಮಿಷ ತುದಿಗಾಲಲ್ಲಿ ಕೂರುತ್ತಾರೆ. ಅಂದರೆ, ಲೆಕ್ಕ ಹಾಕಿ ನೋಡಿ. ಆ ರಾತ್ರಿ ಇಡೀ ಹಾಲ್‌ನಲ್ಲಿ ನನ್ನಷ್ಟು ಹೆದರಿದವರು ಯಾರೂ ಇರಲಿಲ್ಲ. ಬೆವರಿದ ಅಂಗೈಗೆ ಪಾಪ್‌ಕಾರ್ನ್ ಅಂಟುತ್ತಿತ್ತು. ಯಾಕೆಂದರೆ ನನಗೆ ಮಾತ್ರ ಪ್ರತಿ ಸಲವೂ ಯಾರೋ ಮೊದಲೇ ತಿಳಿಸುತ್ತಿದ್ದರು. ಟಿಕೆಟ್ಟಿನ ದುಡ್ಡು ವಸೂಲು ಮಾಡಿಸಿಕೊಟ್ಟವನು ಹಿಂದಿನ ಸೀಟಿನ ಆ ಮಂಡಕ್ಕಿಯವನೇ. ಇದನ್ನು ಒಪ್ಪಿಕೊಳ್ಳಲು ನನ್ನಿಂದ ಸಾಧ್ಯವಿಲ್ಲ. ಥ್ಯಾಂಕ್ಸ್ ಅಂತೂ ಹೇಳುವುದಿಲ್ಲ. ಸಿಕ್ಕರೆ ಈಗಲೂ ಗುರಾಯಿಸುತ್ತೇನೆ, ಬೆಳಕಿನಲ್ಲಿ.

ಇನ್ನೊಮ್ಮೆ ನೋಡಬೇಕು, ಯಾರೂ ಇಲ್ಲದಾಗ, ನನ್ನ ಪಾಡಿಗೆ ನಾನು ಹೆದರಬೇಕು ಎಂದು ನಿನ್ನೆ ಫೋನ್ ತೆಗೆದೆ. ಗುರುವಾರ ಮಧ್ಯಾಹ್ನದ ಆಟ. ಸೀಟುಗಳ ಚಿತ್ರ ಬಂತು. ಇಡೀ ಹಾಲ್ ಹಸಿರು, ಎಲ್ಲ ಖಾಲಿ. ಹೋದ ಸಲದ ನನ್ನ ಸೀಟೂ ಖಾಲಿ ಇತ್ತು. ಅದನ್ನೇ ಒತ್ತಲು ಹೋದೆ. ಬುಕ್ ಆಗಿದ್ದದ್ದು ಒಂದೇ ಒಂದು ಸೀಟು. ಸರಿಯಾಗಿ ಅದರ ಹಿಂದಿನದು.

ಫೋನ್ ಕವುಚಿ ಇಟ್ಟೆ.