ದೂರದೃಷ್ಟಿ ದೋಷ

'ದೂರದೃಷ್ಟಿ' ಅನ್ನೋ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ. ಸನ್ಮಾನ ಪತ್ರದಲ್ಲಿ ಬಂದರೆ ಹೊಗಳಿಕೆ. ಕಣ್ಣಿನ ಡಾಕ್ಟರು ಬರೆದುಕೊಟ್ಟರೆ ದೋಷ: ದೂರದ್ದು ಸ್ಪಷ್ಟ, ಹತ್ತಿರದ್ದು ಮಸುಕು. ವಿಶ್ವವಿದ್ಯಾಲಯದ ಅಧ್ಯಕ್ಷರ ಕುರ್ಚಿಯಲ್ಲಿ ಎರಡೂ ಅರ್ಥ ಒಟ್ಟಿಗೇ ಕೂತಿರುತ್ತವೆ.

ಹೊಸ ಅಧ್ಯಕ್ಷರು ಬಂದ ದಿನವೇ ಎಲ್ಲರಿಗೂ ಒಂದು ಇಮೇಲ್ ಬರುತ್ತದೆ. 'ಪ್ರಿಯ ಕ್ಯಾಂಪಸ್ ಸಮುದಾಯವೇ' ಅಂತ ಶುರು. ಹಳಬರ ಎದೆ ಧಸಕ್ಕೆನ್ನುತ್ತದೆ. 'ವಿದ್ಯಾರ್ಥಿಗಳೇ' ಅಂದರೆ ಪರೀಕ್ಷೆ, 'ಸಹೋದ್ಯೋಗಿಗಳೇ' ಅಂದರೆ ಮೀಟಿಂಗು. 'ಸಮುದಾಯವೇ' ಅಂತ ಬಂದರೆ ಮಾತ್ರ ಒಂದೋ ಶುಲ್ಕ ಏರಿದೆ, ಇಲ್ಲವೋ ಯಾವುದೋ ವಿಭಾಗಕ್ಕೆ ಬೀಗ ಬೀಳುತ್ತಿದೆ. ಪುಣ್ಯಕ್ಕೆ ಮೊದಲ ಪತ್ರದಲ್ಲಿ ಅಂಥದ್ದೇನೂ ಇರುವುದಿಲ್ಲ. 'ನಾನು ಮೊದಲು ನಿಮ್ಮ ಮಾತು ಕೇಳಿಸಿಕೊಳ್ಳುತ್ತೇನೆ' ಅಂತಷ್ಟೇ ಇರುತ್ತದೆ.

ಕೇಳಿಸಿಕೊಳ್ಳುತ್ತಾರೆ ಕೂಡ, ಸುಳ್ಳು ಹೇಳಬಾರದು. ಕಟ್ಟಡದಿಂದ ಕಟ್ಟಡಕ್ಕೆ ಹೋಗುತ್ತಾರೆ. ಹಿಂದೆ ಒಬ್ಬ ಫೋಟೋಗ್ರಾಫರ್. ಲೈಬ್ರರಿಯನ್ ಮೇಡಂ, "ಸರ್, ಮಳೆ ಬಂದರೆ ಮೇಲಿನ ಮಹಡಿ ಸೋರುತ್ತದೆ" ಅಂತಾರೆ. ಗುತ್ತಿಗೆ ಮೇಷ್ಟ್ರು, "ಮುಂದಿನ ಸೆಮಿಸ್ಟರಿಗೆ ನನಗೆ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ" ಅಂತಾರೆ. ಹುಡುಗನೊಬ್ಬ, "ಹಾಸ್ಟೆಲಲ್ಲಿ ರೂಮೇ ಸಿಕ್ಕಿಲ್ಲ" ಅಂತಾನೆ. ಅಧ್ಯಕ್ಷರು ತಲೆ ಆಡಿಸುತ್ತಾರೆ, ಬರೆದುಕೊಳ್ಳುತ್ತಾರೆ.

ಎಂಟು ತಿಂಗಳ ನಂತರ ವಿಷನ್ ಡಾಕ್ಯುಮೆಂಟ್, ಅಂದರೆ ಮುಂದಿನ ಕನಸುಗಳ ಪುಸ್ತಕ, ಬಿಡುಗಡೆ. ಸೋರುವ ಮಹಡಿ ಅದರಲ್ಲಿ 'ಪ್ರಕೃತಿಗೆ ತೆರೆದುಕೊಂಡ ಕಲಿಕೆ' ಆಗಿರುತ್ತದೆ. ಗುತ್ತಿಗೆ ಮೇಷ್ಟ್ರು 'ಚುರುಕಾದ ಪ್ರತಿಭಾ ಬಳಗ' ಆಗಿರುತ್ತಾರೆ. ಹಾಸ್ಟೆಲ್ ಸಿಗದ ಹುಡುಗನ ಫೋಟೋ ಮಾತ್ರ ಮುಖಪುಟದಲ್ಲೇ ಇರುತ್ತದೆ. ಮರದ ಕೆಳಗೆ ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದಾನೆ. ಕೆಳಗಿನ ಸಾಲು: 'ಗಡಿಗಳಿಲ್ಲದ ಕ್ಯಾಂಪಸ್'.

ಈಗ ಆ ಪುಸ್ತಕದ ಹೆಸರಿನಲ್ಲಿರುವ ಇಸವಿ ನೋಡಿ. 2035 ಅಂತಲೋ 2040 ಅಂತಲೋ ಇರುತ್ತದೆ. ಮುಂದಿನ ವರ್ಷದ್ದು ಇರುವುದೇ ಇಲ್ಲ. ಅಮೆರಿಕದ ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಕ್ಷರು ಎಷ್ಟು ವರ್ಷದಿಂದ ಆ ಕುರ್ಚಿಯಲ್ಲಿದ್ದಾರೆ ಅಂತ ಅಲ್ಲಿನ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಅನ್ನೋ ಸಂಸ್ಥೆ ಆಗಾಗ ಲೆಕ್ಕ ಹಾಕುತ್ತದೆ. 2006ರಲ್ಲಿ ಸರಾಸರಿ 8.5 ವರ್ಷ. 2022ಕ್ಕೆ 5.9ಕ್ಕೆ ಇಳಿದಿತ್ತು. ಕುರ್ಚಿ ಆರು ವರ್ಷದ್ದು, ಕನಸು ಹದಿನೈದು ವರ್ಷದ್ದು. ಸಾಲ ಮಾಡಿದವನು ಊರು ಬಿಟ್ಟ ಮೇಲೆ ಮೊದಲ ಕಂತು ಕಟ್ಟುವ ದಿನ ಬಂದ ಹಾಗೆ. ಅಷ್ಟರಲ್ಲಿ ನಮ್ಮ ಅಧ್ಯಕ್ಷರು ಇನ್ನೂ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಿರುತ್ತಾರೆ. ಯಾಕೆ ಆರಿಸಿದರು? ದೂರದೃಷ್ಟಿ ಇದೆಯಂತೆ.

ಇದಕ್ಕೆ ಮದ್ದು ಹಳೆಯ ಬೊಲೋನ್ಯಾದಲ್ಲಿತ್ತು. ಇಟಲಿಯ ಆ ವಿಶ್ವವಿದ್ಯಾಲಯ 1088ರಲ್ಲಿ ಶುರುವಾಯಿತು ಅಂತ ವಾಡಿಕೆ. ಆ ಕಾಲದಲ್ಲಿ ಅಲ್ಲಿ ವಿದ್ಯಾರ್ಥಿಗಳದ್ದೇ ರಾಜ್ಯಭಾರ. ಮುಖ್ಯಸ್ಥನನ್ನು ಅವರೇ ಆರಿಸುತ್ತಿದ್ದರು, ಅದೂ ತಮ್ಮೊಳಗಿನವನನ್ನೇ. ಮೇಷ್ಟ್ರು ತಡವಾಗಿ ಬಂದರೆ ದಂಡ, ಗಂಟೆ ಹೊಡೆದ ಮೇಲೂ ಕೊರೆದರೆ ದಂಡ. ಪಾಠಕ್ಕೆ ಐದು ಜನರೂ ಬರಲಿಲ್ಲವೋ, ಆ ದಿನ ಮೇಷ್ಟ್ರೇ ಗೈರುಹಾಜರು ಅಂತ ಲೆಕ್ಕ, ಅದಕ್ಕೂ ದಂಡ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ನಿಯಮ. ಊರು ಬಿಟ್ಟು ಹೋಗಬೇಕಾದರೆ ಮೇಷ್ಟ್ರು ಠೇವಣಿ ಇಟ್ಟು ಹೋಗಬೇಕಿತ್ತು, ವಾಪಸ್ ಬರಲಿ ಅಂತ. ವಿಷನ್ 2040 ಬರೆದವರಿಂದಲೂ ಒಂದಿಷ್ಟು ಠೇವಣಿ ಕಟ್ಟಿಸಿಕೊಂಡರೆ ಹೇಗೆ? ಪುಸ್ತಕ ನಾಲ್ಕು ಪುಟಕ್ಕೆ ಇಳಿಯುತ್ತದೆ.

ಅಧ್ಯಕ್ಷರೆಲ್ಲ ಹೀಗೇ ಅಂದರೆ ತಪ್ಪಾಗುತ್ತದೆ. 1978ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಬಾರ್ಟ್ ಜಿಯಾಮಾಟಿ ಸಾಹಿತ್ಯದ ಮೇಷ್ಟ್ರು, ಕುಚೋದ್ಯ ಗೊತ್ತಿದ್ದವರು. ಬಂದ ಹೊಸದರಲ್ಲೇ ಒಂದು ಸುತ್ತೋಲೆ ಬರೆದರು. ಇನ್ನು ಮುಂದೆ ವಿಶ್ವವಿದ್ಯಾಲಯದ ನೀತಿಯ ಪ್ರಕಾರ ಕೆಡುಕು ರದ್ದಾಗಿದೆ, ಸ್ವರ್ಗ ಮತ್ತೆ ಜಾರಿಗೆ ಬಂದಿದೆ ಅಂತ ಅದರ ಸಾರ. ವಿಷನ್ ಡಾಕ್ಯುಮೆಂಟಿನಲ್ಲಿ ಇರುವುದೂ ಇದೇ ಅಲ್ವಾ? ಅವರು ಎರಡು ಸಾಲಲ್ಲಿ ಮುಗಿಸಿದರು. ಆದರೆ 1984ರಲ್ಲಿ ಅದೇ ಸ್ವರ್ಗದ ಗುಮಾಸ್ತರು ಮತ್ತು ತಾಂತ್ರಿಕ ಸಿಬ್ಬಂದಿ ಸಂಬಳ ಸಾಲದು ಅಂತ ಹತ್ತು ವಾರ ಮುಷ್ಕರ ಕೂತರು. ಸುತ್ತೋಲೆ ಅವರ ಮೇಜಿಗೆ ತಲುಪಿರಲಿಲ್ಲವೇನೋ.

ಹತ್ತಿರದ್ದೂ ದೂರದ್ದೂ ಎರಡೂ ಕಂಡವರು ಅಂದರೆ ಕ್ಲಾರ್ಕ್ ಕೆರ್. 1958ರಿಂದ 1967ರವರೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರು. ಅಧ್ಯಾಪಕರನ್ನೆಲ್ಲ ಒಂದುಗೂಡಿಸಿ ಹಿಡಿದಿರುವುದು ಪಾರ್ಕಿಂಗ್ ಬಗೆಗಿನ ದೂರು ಅಂತ ಅವರೇ ತಮಾಷೆ ಮಾಡಿದ್ದರು. ಅವರ ನೇತೃತ್ವದಲ್ಲಿ 1960ರಲ್ಲಿ ಬಂದ ಯೋಜನೆ ನೋಡಿ. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಈ ವಿಶ್ವವಿದ್ಯಾಲಯ, ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯ ಕಾಲೇಜು, ಕಲಿಯಲು ಬಂದ ಉಳಿದವರಿಗೆಲ್ಲ ಎರಡು ವರ್ಷದ ಕಾಲೇಜು. ಯಾರಿಗೆ ಎಲ್ಲಿ ಜಾಗ ಅಂತ ಬರೆದಿತ್ತು. ಸಿಗದಿದ್ದರೆ ಹೋಗಿ ಕೇಳಬಹುದಿತ್ತು. ಇಂಥವರನ್ನು ಏನು ಮಾಡಿದರು? 1967ರ ಜನವರಿಯಲ್ಲಿ ಕೆಲಸದಿಂದ ತೆಗೆದರು.

ಅದೇ ವಿಶ್ವವಿದ್ಯಾಲಯ 2012ರಲ್ಲಿ ಹೊಸ ಲೋಗೋ ತಂದಿತು. ಕಂಪ್ಯೂಟರ್ ಲೋಡ್ ಆಗುವಾಗ ತಿರುಗುವ ಚಕ್ರದ ಹಾಗಿದೆ ಅಂತ ಜನ ನಕ್ಕರು. ಇದು ಬೇಡ ಅನ್ನೋ ಮನವಿಗೆ 50,000ಕ್ಕೂ ಜಾಸ್ತಿ ಸಹಿ ಬಿದ್ದ ಮೇಲೆ ವಾಪಸ್ ತೆಗೆದುಕೊಂಡರು. ನನಗೆ ಆ ಲೋಗೋ ಪ್ರಾಮಾಣಿಕ ಅನ್ನಿಸಿತ್ತು. ಕಾಯುತ್ತಾ ಇರಿ ಅಂತ ಅದಾದರೂ ಹೇಳುತ್ತಿತ್ತು.

ನಮ್ಮ ಲೈಬ್ರರಿಯನ್ ಮೇಡಂ ಈಗ ಮೂರನೇ ಅಧ್ಯಕ್ಷರನ್ನು ನೋಡುತ್ತಿದ್ದಾರೆ. ಹೊಸಬರೂ ಬಂದು, "ನಿಮ್ಮ ಮಾತು ಕೇಳಿಸಿಕೊಳ್ಳಬೇಕು" ಅಂದರು. ಮೇಡಂ ಬಾಯಿ ಬಿಡಲಿಲ್ಲ. ಸೀದಾ ಮೇಲಿನ ಮಹಡಿಗೆ ಕರೆದುಕೊಂಡು ಹೋಗಿ, ನೀರು ತೊಟ್ಟಿಕ್ಕುವ ಜಾಗ ತೋರಿಸಿದರು. ಅಲ್ಲಿ ಹಿಂದಿನ ಇಬ್ಬರ ವಿಷನ್ ಪುಸ್ತಕ ಬಿಡಿಸಿ ಹಾಸಿತ್ತು.

"ಉಪಯೋಗ ಆಗ್ತಿದೆಯಾ?" ಅಂತ ಅಧ್ಯಕ್ಷರು ಕೇಳಿದರು.

"ಇಲ್ಲ ಸರ್. ಹೊಳೆಯುವ ಕಾಗದ, ನೀರು ಹೀರಲ್ಲ. ಮುಂದಿನದನ್ನಾದರೂ ನ್ಯೂಸ್‌ಪ್ರಿಂಟಿನಲ್ಲಿ ಹಾಕಿಸಿ."

ಅಧ್ಯಕ್ಷರು ತಲೆ ಆಡಿಸಿದರು. ಬರೆದುಕೊಂಡರು.