ಅವನಿಗೆ ಪರ್ಮನೆಂಟ್ ಆಯ್ತಾ?

ಕೊರಿಯನ್ ಧಾರಾವಾಹಿ ಅಂದರೆ ನಾನು ತಿಳಿದುಕೊಂಡಿದ್ದು ಇಷ್ಟೇ. ಕೋಟ್ಯಧಿಪತಿಯ ಮಗ, ಬಡವರ ಮನೆ ಹುಡುಗಿ, ಇಬ್ಬರಿಗೂ ಸೇರಿ ಒಂದು ಛತ್ರಿ, ಮೇಲೆ ಧಾರಾಕಾರ ಮಳೆ. ಹಾಗಂತ ನಂಬಿ ‘ಮಿಸೆಂಗ್’ ಹಾಕಿಕೊಂಡು ಕೂತರೆ ಬಂದದ್ದು ಆಫೀಸು! ಜೆರಾಕ್ಸ್ ಮೆಷಿನ್ನು, ಫೈಲು, ಮೀಟಿಂಗು, ಬೈಗುಳ. ಹಗಲೆಲ್ಲ ಸಂಬಳಕ್ಕಾಗಿ ನೋಡುವುದನ್ನೇ ರಾತ್ರಿ ದುಡ್ಡು ಕೊಟ್ಟು ನೋಡಬೇಕಾ?

2014ರಲ್ಲಿ ಕೊರಿಯಾದ ಟಿವಿಎನ್ ಚಾನೆಲ್‌ನಲ್ಲಿ ಬಂದ 20 ಕಂತುಗಳ ಧಾರಾವಾಹಿ ಇದು. ಯೂನ್ ಟೇ-ಹೋ ಬರೆದ ವೆಬ್‌ಟೂನ್, ಅಂದರೆ ಇಂಟರ್ನೆಟ್ಟಿನ ಕಾಮಿಕ್ಸ್, ಇದಕ್ಕೆ ಮೂಲ. ಅಲ್ಲಿ ಪ್ರಸಾರವಾಗುತ್ತಿದ್ದದ್ದು ಶುಕ್ರವಾರ, ಶನಿವಾರ ರಾತ್ರಿ. ಅಂದರೆ ಸೋಲ್ ನಗರದ ಜನ ವಾರವಿಡೀ ದುಡಿದು, ಸದ್ಯ ಮುಗೀತಪ್ಪ ಅಂತ ಟಿವಿ ಹಾಕಿದರೆ ಎದುರಿಗೆ ಮತ್ತೆ ಮ್ಯಾನೇಜರ್. ಆದರೂ ಮುಗಿಬಿದ್ದು ನೋಡಿದರು. ಈ ವಿಷಯದಲ್ಲಿ ಅವರೂ ನಮ್ಮಂಥವರೇ.

ನಾಯಕ ಜಾಂಗ್ ಗುರೆ. ಕಪ್ಪು ಬಿಳಿ ಕಾಯಿಗಳ ‘ಬಾದುಕ್’ ಆಟದಲ್ಲೇ ಬಾಲ್ಯ ಕಳೆದವನು. ಆಟಗಾರನಾಗಿ ಗೆಲ್ಲಲಿಲ್ಲ, ಕಾಲೇಜಿಗೂ ಹೋಗಲಿಲ್ಲ. ಯಾರದೋ ಶಿಫಾರಸಿನಿಂದ ದೊಡ್ಡ ಟ್ರೇಡಿಂಗ್ ಕಂಪನಿಯಲ್ಲಿ ಇಂಟರ್ನ್ ಆಗುತ್ತಾನೆ. ಫೋನ್ ಎತ್ತಿದರೆ ಆ ಕಡೆ ಪರಭಾಷೆ. ಪಾಪ, ಬೆವರುತ್ತಾನೆ.

ನನ್ನನ್ನು ಹಿಡಿದು ಕೂರಿಸಿದ್ದು ಒಂದು ಗೋಂದಿನ ಕಥೆ. ಪಕ್ಕದ ಟೀಮಿನ ಹುಡುಗನೊಬ್ಬ ಗೋಂದು ಕೇಳಿಕೊಂಡು ಬರುತ್ತಾನೆ. ಅದರ ಜೊತೆ ಗುರೆಯ ಟೀಮಿನ ಒಂದು ಕಾಗದವೂ ಅಂಟಿಕೊಂಡು ಹೋಗಿ, ಲಾಬಿಯಲ್ಲಿ ಬಿದ್ದು, ಮೇಲಧಿಕಾರಿಯ ಕೈಗೆ ಸಿಗುತ್ತದೆ. ಮೇಲಿನವರು ಗುರೆಯ ಕೆಂಗಣ್ಣಿನ ಮ್ಯಾನೇಜರ್ ಓ ಸಾಂಗ್-ಸಿಕ್‌ಗೆ ಬೈದರು, ಓ ಸಾಂಗ್-ಸಿಕ್ ಗುರೆಗೆ ಬೈದ. ಗೋಂದು ತಗೊಂಡು ಹೋದವನು ಮಾತ್ರ ಆರಾಮ! ಅದೇ ರಾತ್ರಿ ಓ ಸಾಂಗ್-ಸಿಕ್ ಕುಡಿದು ತೂರಾಡುತ್ತಾ ಆ ಟೀಮಿನ ಮುಖ್ಯಸ್ಥನ ಮೇಲೆ ಹರಿಹಾಯುತ್ತಾನೆ. ನಿಮ್ಮ ಹುಡುಗ ಮಾಡಿದ್ದಕ್ಕೆ ನಮ್ಮ ಹುಡುಗ ಬೈಸಿಕೊಂಡ ಅಂತ. ‘ನಮ್ಮ ಹುಡುಗ’ ಅನ್ನುವುದು ಕಿವಿಗೆ ಬಿದ್ದಾಗ ಗುರೆಯ ಮುಖ ನೋಡಬೇಕು. ಇಂಕ್ರಿಮೆಂಟ್ ಲೆಟರ್ ಸಿಕ್ಕಾಗಲೂ ನನ್ನ ಮುಖ ಹಾಗಾಗಿಲ್ಲ.

ಇಷ್ಟರಲ್ಲಿ ಅಮ್ಮನೂ ಬಂದು ಪಕ್ಕದಲ್ಲಿ ಕೂತಳು. ಕೊರಿಯನ್ ಬರಲ್ಲ, ಕೆಳಗೆ ಓಡುವ ಇಂಗ್ಲಿಷ್ ಸಾಲುಗಳ ಗೊಡವೆಯೂ ಇಲ್ಲ. “ಆ ಕೆಂಗಣ್ಣಿನವನು ಬಯ್ಯೋದು ಬಾಯಲ್ಲಿ ಮಾತ್ರ ಕಣೋ, ಮನಸ್ಸು ಒಳ್ಳೇದು” ಅಂತ ಎರಡನೇ ದಿನಕ್ಕೇ ತೀರ್ಪು ಕೊಟ್ಟಳು. ಆಮೇಲೆ ನಾನು ಒಬ್ಬನೇ ನೋಡಿದ ದಿನವೆಲ್ಲ ಬೆಳಿಗ್ಗೆ ಕಾಫಿ ಕೊಡುವಾಗ ಒಂದೇ ಪ್ರಶ್ನೆ: “ಅವನಿಗೆ ಪರ್ಮನೆಂಟ್ ಆಯ್ತಾ?”

ಆಗಲಿಲ್ಲ. ಅವನಿಗೆ ಸಿಕ್ಕಿದ್ದು ಎರಡು ವರ್ಷದ ಕಾಂಟ್ರಾಕ್ಟ್. ಹಬ್ಬಕ್ಕೆ ಕಂಪನಿ ಉಡುಗೊರೆ ಹಂಚುವ ದೃಶ್ಯವಿದೆ. ಪರ್ಮನೆಂಟ್ ಆದವರಿಗೆಲ್ಲ ಹ್ಯಾಮ್ ಅನ್ನುವ ಹಂದಿಮಾಂಸದ ಡಬ್ಬಿ, ಇವನಿಗೆ ಅಡುಗೆ ಎಣ್ಣೆ. ಅಮ್ಮನಿಗೆ ಹ್ಯಾಮ್ ಏನಂತ ಗೊತ್ತಿಲ್ಲ. “ಎಣ್ಣೆನೇ ವಾಸಿ ಬಿಡು, ಬಜ್ಜಿ ಕರೀಬಹುದು” ಅಂದಳು. ಬೇರೆಯವರಿಗೆ ಬೇರೆ ಕೊಟ್ಟಿದ್ದಾರೆ ಅಂತ ಗೊತ್ತಾದ ಮೇಲೆ ಉರಿದುಬಿದ್ದಳು.

ಕೊನೆಗೂ ಕಂಪನಿ ಅವನನ್ನು ಉಳಿಸಿಕೊಳ್ಳಲಿಲ್ಲ. ಧಾರಾವಾಹಿ ಮುಗಿದ ಡಿಸೆಂಬರ್‌ನಲ್ಲೇ ಕೊರಿಯಾ ಸರ್ಕಾರ ಕಾಂಟ್ರಾಕ್ಟ್ ಕೆಲಸದ ಮಿತಿಯನ್ನು ಎರಡರಿಂದ ನಾಲ್ಕು ವರ್ಷಕ್ಕೆ ಏರಿಸುವ ಯೋಜನೆ ತಂದಿತು. 35 ದಾಟಿದವರು ಬೇಕೆಂದು ಕೇಳಿದರೆ ಸಿಗುವ ಸವಲತ್ತಂತೆ! ಅದಕ್ಕೆ ‘ಜಾಂಗ್ ಗುರೆ ಕಾನೂನು’ ಅಂತಲೇ ಹೆಸರು ಬಿತ್ತು. ಕಾರ್ಮಿಕ ಸಂಘಟನೆಗಳು ಸುಮ್ನೆ ಬಿಡುತ್ತವಾ? ಪರ್ಮನೆಂಟ್ ಮಾಡದೆ ದುಡಿಸಿಕೊಳ್ಳೋಕೆ ಇನ್ನೆರಡು ವರ್ಷ ಕೊಟ್ಟಂತಾಯ್ತು ಅಂತ ಜೋರಾಗೇ ವಿರೋಧಿಸಿದವು.

ಅಮ್ಮ ತನ್ನ ಸಂಕಟವನ್ನೆಲ್ಲ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ತೋಡಿಕೊಂಡಳು. “ಎರಡು ವರ್ಷ ಹಗಲೂ ರಾತ್ರಿ ದುಡಿದ ಕಣೇ. ಮ್ಯಾನೇಜರ್ ಜೊತೆ ಕುಡಿಯೋದೂ ಕಲಿತ. ಕೊನೆಗೆ ಮನೆಗೆ ಕಳಿಸಿಬಿಟ್ರು.” ಯಾರನ್ನು ಅಂತ ಮಾತ್ರ ಹೇಳಲಿಲ್ಲ.

ಮರುದಿನ ನಾನು ಮೀಟಿಂಗ್‌ನಲ್ಲಿರುವಾಗ ತಿಪಟೂರಿನಿಂದ ಸೋದರಮಾವನ ಫೋನು.

“ಧೈರ್ಯವಾಗಿರಪ್ಪ. ಎಲ್ಲಾ ಗೊತ್ತಾಯ್ತು. ಕುಡಿಯೋದೊಂದು ಬಿಟ್ಟುಬಿಡು. ನಮ್ಮ ಅಂಗಡೀಲಿ ಲೆಕ್ಕ ನೋಡ್ಕೊಳ್ಳೋಕೆ ಜನ ಬೇಕು, ಬಾ.”

“ಮಾವ, ಅದು ಧಾರಾವಾಹಿ!”

“ಇರ್ಲಿ ಬಿಡು, ನನ್ನ ಹತ್ರ ಯಾಕೆ ಸಂಕೋಚ?”

ಇನ್ನು ವಾದ ಮಾಡಿ ಉಪಯೋಗವಿಲ್ಲ ಅನ್ನಿಸಿತು. “ಪರ್ಮನೆಂಟಾ ಮಾವ?” ಅಂತ ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಮೊದಲು ಒಂದೆರಡು ವರ್ಷ ಮಾಡು, ನೋಡೋಣ.”