ಈ ಗಿಡ್ಡ 'ಡ್' ಕಾಟ

'ಹೀ ಹ್ಯಾಡ್' ಅಂತ ಪೂರ್ತಿ ಹೇಳೋಕೆ ಇಂಗ್ಲಿಷಿನವರಿಗೆ ಅದೇನು ಸುಸ್ತೋ! ಸುಮ್ನೆ 'ಹೀಡ್' (he'd) ಅಂದುಬಿಡ್ತಾರೆ. 'ಹೀ ವುಡ್' ಕೂಡ 'ಹೀಡ್' ಅಂತೆ.

ಕಲಬುರಗಿಯ ಬೇಸಿಗೆಯಲ್ಲಿ, ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿರುವ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಕೂತರೆ ಸರ್ ಹೇಳ್ತಾರೆ, "ಮುಂದಿನ ಕ್ರಿಯಾಪದ ನೋಡ್ರಿ, 'ಗಾನ್' ಇದ್ರ ಹ್ಯಾಡ್, 'ಗೋ' ಇದ್ರ ವುಡ್, ಮುಗೀತು." ಎಲ್ಲಿ ಮುಗೀತು? 'ಹೀಡ್ ಕಮ್' ಅಂದರೆ ಬಂದಿದ್ದನೋ, ಬರುತ್ತಿದ್ದನೋ? 'ಕಮ್' ಎರಡೂ ಕಡೆ ಒಂದೇ. 'ಪುಟ್', 'ಕಟ್', 'ರನ್' ಕೂಡ ಹಾಗೇ. ಹಿಂದೆಮುಂದಿನ ಮಾತು ಕೇಳಿ ನಾವೇ ಊಹಿಸಬೇಕು.

ಪುಸ್ತಕದಲ್ಲಾದರೆ ಪಕ್ಕದಲ್ಲೊಂದು ಕೊಂಕು ಗುರುತಾದರೂ ಕಾಣುತ್ತೆ. ಫೋನಿನಲ್ಲಿ? ಹೈದರಾಬಾದಿನಿಂದ ಕೆಲಸದ ಕಾಲ್ ಬಂದು ಆ ಕಡೆಯವರು ಗಡಿಬಿಡಿಯಲ್ಲಿ 'ಯೂಡ್ ಟೋಲ್ಡ್ ಅಸ್' ಅಂದರೆ 'ಡ್' ಗಂಟಲಲ್ಲೇ ಉಳಿದು 'ಯೂ ಟೋಲ್ಡ್ ಅಸ್' ಅಂತ ಕೇಳಿಸುತ್ತೆ. ನಮ್ಮ 'ಹೇಳಿದ್ದಿರಿ'ಯಲ್ಲಿ ಇಂಥ ರಗಳೆ ಇದೆಯಾ ಹೇಳಿ.

ಇದೆಲ್ಲ ಹೇಗೋ ಬಾಯಿಪಾಠ ಮಾಡಿಕೊಂಡರೆ 'ಯೂಡ್ ಬೆಟರ್ ಗೋ' ಬರುತ್ತೆ. ಮುಂದೆ 'ಗೋ' ಇದೆ, ಆದ್ರೂ ಅದು ಹ್ಯಾಡ್ ಅಂತೆ! ಹಾಗಾದ್ರೆ ಆ ರೂಲ್ ಯಾಕ್ರೀ ಸರ್ ಹೇಳಿಕೊಟ್ಟಿದ್ದು?